ನಲವತ್ತೊಂದನೇ ನಂಬರಿನ ಡಬ್ಬಿ

ತೊಂದರೆ ಶುರುವಾದದ್ದು ಮೊಣಕಾಲಿನಿಂದ ಕೆಳಗೆ, ಹಿಮ್ಮಡಿಯಿಂದ ಮೇಲೆ, ಎಡಗಾಲಿನ ಮೀನಖಂಡದಲ್ಲಿ. ಬೆಳಿಗ್ಗೆ ಒಂಬತ್ತೂ ಕಾಲಿಗೆ ಕಾಲರಣ್ಣ ಆ ದಿನದ ಮೂವತ್ತೊಂದನೇ ಕಾಲರನ್ನು ಸೂಜಿಯ ಕೆಳಗೆ ತಳ್ಳುತ್ತಿದ್ದ. ಅವನ ಮೀನಖಂಡ ತನ್ನ ಹೆಸರಿಗೆ ತಕ್ಕ ಹಾಗೆ ನೀರಿನಿಂದಾಚೆ ತೆಗೆದ ಮೀನಿನಂತೆ ಪಟಪಟನೆ ಒದ್ದಾಡಿ, ಆಮೇಲೆ ಕಲ್ಲಿನಂತೆ ಗಂಟು ಕಟ್ಟಿತು. "ಅಯ್ಯಯ್ಯಪ್ಪೋ" ಎಂದು ಎದ್ದು ನಿಂತ. ನಿಂತವನು ಸುಮ್ಮನೆ ನಿಲ್ಲಬಾರದೇ? ನೋವಿಗೆ ಬಲಗೈಯೂ ಮೇಲಕ್ಕೆ ಹೋಯಿತು.

ಅಂಗಿ ಹೊಲಿಯುವ ಆ ಶೆಡ್ಡಿನಲ್ಲಿ ಕೈ ಎತ್ತಿ ನಿಂತರೆ ಒಂದೇ ಅರ್ಥ: ಸೂಜಿ ಮುರಿದಿದೆ. ಮುರಿದ ಸೂಜಿಯ ಚೂರು ಅಂಗಿಯಲ್ಲಿ ಉಳಿದು ಕತ್ತಿಗೆ ಚುಚ್ಚೀತೆಂದು ಕಂಪನಿಗೆ ಭಾರಿ ಭಯ. ಹೊಲಿಯುವವರ ಕತ್ತಿಗಲ್ಲ, ತೊಡುವವರ ಕತ್ತಿಗೆ. ಹಾಗಾಗಿ ಒಂದು ಸೂಜಿ ಮುರಿದರೆ ಸಾಲಿನ ಅಷ್ಟೂ ಮಷಿನ್ನು ನಿಲ್ಲಬೇಕು, ಅಯಸ್ಕಾಂತ ಹಿಡಿದು ಚೂರು ಹುಡುಕಬೇಕು, ಸಿಕ್ಕ ಚೂರುಗಳನ್ನು ಜೋಡಿಸಿ ಇಡೀ ಸೂಜಿಯೆಂದು ಕಾಣುವಂತೆ ರಿಜಿಸ್ಟರಿಗೆ ಅಂಟಿಸಬೇಕು. ಮನುಷ್ಯ ಮುರಿದರೆ ಏನು ಮಾಡಬೇಕೆಂದು ಯಾವ ರಿಜಿಸ್ಟರಿನಲ್ಲೂ ಬರೆದಿರಲಿಲ್ಲ.

ಪೀ ಎಂದು ಸೀಟಿ ಕೂಗಿತು. ಕೊರಳಲ್ಲಿ ಸದಾ ಸೀಟಿ ನೇತುಹಾಕಿಕೊಂಡಿರುವ ಸೂಪರ್‌ವೈಸರ್ ಸೀಟಿ ಮೇಡಂ ಬಂದರು. ನಲವತ್ತು ಮಷಿನ್ನು ಒಟ್ಟಿಗೆ ಬಾಯಿ ಮುಚ್ಚಿದವು. ಎಲ್ಲರೂ ನೆಲಕ್ಕೆ ಬಗ್ಗಿದರು.

ಆ ಶೆಡ್ಡಿನಲ್ಲಿ ಒಬ್ಬರೂ ಪೂರ್ತಿ ಅಂಗಿ ಹೊಲಿದವರಲ್ಲ. ಒಬ್ಬೊಬ್ಬರಿಗೆ ಅಂಗಿಯ ಒಂದೊಂದು ಅಂಗ. ವರ್ಷಗಟ್ಟಲೆ ಅದನ್ನೇ ಹೊಲಿದು ಹೊಲಿದು ಅದೇ ಹೆಸರಾಗಿಬಿಟ್ಟಿತ್ತು. ಎಡಗಡೆ ಕೂರುವವಳು ಜೇಬಕ್ಕ. ಬಲಗಡೆಯವನು ತೋಳಣ್ಣ. ಕಾಲರಣ್ಣನ ಹೆಂಡತಿ ಕೊನೆಯಲ್ಲಿ, ಗಿಡ್ಡ ಸ್ಟೂಲುಗಳ ಸಾಲಿನಲ್ಲಿ ಕೂತು ಅಂಗಿಯಿಂದ ಇಳಿಬಿದ್ದ ದಾರಗಳನ್ನು ಕತ್ತರಿಸುವವಳು, ಅವಳು ದಾರದಕ್ಕ. ಹದಿನೆಂಟು ವರ್ಷದಿಂದ ಕಾಲರು ಹೊಲಿದ ಕಾಲರಣ್ಣ ಒಬ್ಬರ ಕಾಲರನ್ನೂ ಹಿಡಿದವನಲ್ಲ. ಬಸ್ಸಿನಲ್ಲಿ ಯಾರಾದರೂ ಅವನ ಕಾಲು ತುಳಿದರೆ "ಅಲ್ಲಿ ಕಾಲಿಟ್ಟದ್ದು ನಂದೇ ತಪ್ಪು" ಅನ್ನುವ ಪೈಕಿ.

ಎಂಟು ನಿಮಿಷ ಹುಡುಕಾಟ ನಡೆಯಿತು. ತೋಳಣ್ಣನ ಕನ್ನಡಕದಿಂದ ಎಂದೋ ಬಿದ್ದ ಮೊಳೆ ಸಿಕ್ಕಿತು. ಯಾರದೋ ಕಿವಿಯೋಲೆಯ ತಿರುಪು ಸಿಕ್ಕಿತು. ಸೂಜಿಯ ಚೂರು ಮಾತ್ರ ಸಿಗಲಿಲ್ಲ. ಕೊನೆಗೆ ಮೇಡಂ ಕಾಲರಣ್ಣನ ಮಷಿನ್ನಿಗೇ ಬಗ್ಗಿ ನೋಡಿದರು.

"ಏನಯ್ಯಾ, ಸೂಜಿ ನೆಟ್ಟಗೇ ಇದೆ. ನೀನ್ಯಾಕೆ ನೆಟ್ಟಗೆ ನಿಂತೆ?"

"ಕಾಲು ಮೇಡಂ... ಮೀನಖಂಡ ಹಿಡ್ಕೊಳ್ತು."

"ಸೂಜಿ ಮುರೀದೆ ಎಂಟು ನಿಮಿಷ ಸಾಲು ನಿಲ್ಸಿದ್ದೀಯ. ರಿಜಿಸ್ಟರಿಗೆ ಏನು ಅಂಟಿಸ್ಲಿ, ನಿನ್ನ ಕಾಲನ್ನಾ?" ಮೇಡಂ ಸೀಟಿಯನ್ನು ಅವನ ಮೂಗಿನ ಹತ್ತಿರ ಹಿಡಿದು ಆಡಿಸಿದರು. "ಇವತ್ತು ಸಂಜೆ ನಾಲ್ಕಕ್ಕೆ ಮಾಲು ಒಯ್ಯೋ ಲಾರಿ ಬರತ್ತೆ, ಗೊತ್ತಲ್ಲ? ಇನ್ನೊಂದು ಸಲ ಎದ್ದು ನಿಂತ್ರೆ ನೋಡು, ನಿಂತವನು ಹಾಗೇ ಗೇಟಿನ ಕಡೆ ನಡೀತಾ ಇರು. ವಾಪಸ್ ಬರೋದು ಬೇಡ."

ಮೇಡಂ ಸುಮ್ಮನೆ ಹೆದರಿಸುವವರಲ್ಲ. ಹೋದ ತಿಂಗಳು ಗುಂಡಿ ಹೊಲಿಯುವವಳೊಬ್ಬಳು ಎರಡು ಸಲ ಎದ್ದಳೆಂದು ಹಾಗೇ ಕಳಿಸಿದ್ದರು. ಆ ಸ್ಟೂಲೊಂದೇ ಕಾಲರಣ್ಣನ ಆಸ್ತಿ. ವಯಸ್ಸು ನಲವತ್ತಾರು ದಾಟಿದ ಕಾಲರು ಹೊಲಿಯುವವನಿಗೆ ಬೇರೆ ಯಾರು ಸ್ಟೂಲು ಹಾಕಿ ಕೂರಿಸುತ್ತಾರೆ? ಸಂಜೆಯವರೆಗೆ ಏನೇ ಆಗಲಿ ಏಳಬಾರದು ಎಂದು ಹಲ್ಲು ಕಚ್ಚಿ ಕೂತ.

ಈ ಕಾಲಿನ ಕತೆ ಎರಡು ತಿಂಗಳ ಹಿಂದಿನದು. ಬುಧವಾರಕ್ಕೊಮ್ಮೆ ಶೆಡ್ಡಿಗೆ ಬರುವ ನರ್ಸಮ್ಮ ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿಕೊಂಡು, ಅವನ ರಕ್ತ ಪರೀಕ್ಷೆಯ ಚೀಟಿ ತೋರಿಸಿ ಹೇಳಿದ್ದಳು: "ಮೆಗ್ನೀಸಿಯಂ ಕಮ್ಮಿ ಇದೆ ಅಣ್ಣ. ಬಿಳೀ ಅನ್ನ, ಬನ್ನು, ಚಹಾ, ಇಷ್ಟರಲ್ಲೇ ದಿನ ಕಳೆದ್ರೆ ಇನ್ನೇನಾಗತ್ತೆ? ದಟ್ಟ ಹಸಿರು ಸೊಪ್ಪು ತಿನ್ನಿ, ಕಾಳು ತಿನ್ನಿ, ಕುಂಬಳಬೀಜ, ಕಡಲೆಬೀಜ, ಪಾಲಿಶ್ ಮಾಡದ ಅಕ್ಕಿ. ಮಾತ್ರೆ ಬೇಕೋ ಬೇಡ್ವೋ ಡಾಕ್ಟ್ರು ಹೇಳ್ತಾರೆ. ಎಲ್ಲಾ ಸೆಳೆತಾನೂ ಅದರಿಂದ್ಲೇ ಅಂತಲ್ಲ. ಗಂಟೆಗಟ್ಟಲೆ ಕಾಲು ಮಡಚಿ ಕೂತ್ರೂ ಬರತ್ತೆ, ನೀರು ಕುಡೀದಿದ್ರೂ ಬರತ್ತೆ. ನೀರು ಕುಡೀತೀರಾ?"

ಇಬ್ಬರೂ ಮುಖ ಮುಖ ನೋಡಿಕೊಂಡಿದ್ದರು. ಇನ್ನೂರು ಜನಕ್ಕೆ ಶೌಚಾಲಯಕ್ಕೆ ಹೋಗಲು ಎರಡೇ ಮರದ ಬಿಲ್ಲೆ. ನೀರು ಕುಡಿಯುವುದೆಂದರೆ ಬಿಲ್ಲೆಗಾಗಿ ಕಾಯುವುದು. ನರ್ಸಮ್ಮನಿಗೆ ಉತ್ತರ ಗೊತ್ತಿತ್ತು. ಅವಳೂ ಆ ಕಟ್ಟಡದಲ್ಲಿ ನೀರು ಕುಡಿಯುತ್ತಿರಲಿಲ್ಲ.

ಅಂದಿನಿಂದ ಹೆಂಡತಿ ಅವನ ಡಬ್ಬಿಗೆ ಪ್ರಾಣವನ್ನೇ ತುಂಬಿ ಕಳಿಸತೊಡಗಿದಳು. ತೌಡು ತೆಗೆಯದ ಅಕ್ಕಿಯ ಅನ್ನ, ಅದರ ಮೇಲೆ ಬೇಯಿಸಿದ ಕಾಳು, ಅಂಗೈಯಗಲ ಸೊಪ್ಪಿನ ಪಲ್ಯ, ಮೂಲೆಯಲ್ಲಿ ಹುರಿದ ಕುಂಬಳಬೀಜ. ಇಬ್ಬರಿಗೂ ಸಾಲುವಷ್ಟು ಇದನ್ನೆಲ್ಲ ಕೊಳ್ಳುವ ಸಂಬಳ ಅಲ್ಲಿ ಯಾರಿಗೂ ಇರಲಿಲ್ಲ. ಹಾಗಾಗಿ ಅವಳ ಡಬ್ಬಿಯಲ್ಲಿ ಬರಿಯ ಬಿಳೀ ಅನ್ನ, ಮೇಲೊಂದಿಷ್ಟು ತಿಳಿಸಾರು. "ನಂಗೇನಾಗಿದೆ? ಕಲ್ಲುಗುಂಡಿನ ಹಾಗಿದ್ದೀನಿ" ಅನ್ನುತ್ತಿದ್ದಳು. ಆದರೆ ಕಲ್ಲುಗುಂಡು ಮಲಗಿದಲ್ಲೇ ಕಾಲು ಹಿಡಿದುಕೊಂಡು, ಗಂಡನಿಗೆ ಎಚ್ಚರವಾದೀತೆಂದು ಸೆರಗು ಕಚ್ಚಿಕೊಳ್ಳುವುದನ್ನು ಅವನು ಒಂದಲ್ಲ ಎರಡಲ್ಲ, ಏಳೆಂಟು ಸಲ ನೋಡಿದ್ದ. ಮಲಗಿದವನಂತೆ ನಟಿಸುವುದರಲ್ಲಿ ಅವನೂ ಪಳಗಿದವನೇ.

ಅದಕ್ಕೇ ಒಂದು ಉಪಾಯ ಹೂಡಿದ್ದ. ಅಂಗಿಗೆ ಎಣ್ಣೆ ಕಲೆಯಾಗಬಾರದೆಂದು ಊಟದ ಡಬ್ಬಿಗಳನ್ನೆಲ್ಲ ಗೇಟಿನ ಹತ್ತಿರದ ಕಪಾಟಿನಲ್ಲೇ ಇಡಬೇಕು. ಊಟದ ಹೊತ್ತಿಗೆ ಗೇಟಿನ ತಾತ ಗಂಡಸರ ಡಬ್ಬಿಗಳನ್ನು ಹಿಂದಿನ ಜಗಲಿಗೆ, ಹೆಂಗಸರ ಡಬ್ಬಿಗಳನ್ನು ಮೇಲಿನ ತಾರಸಿಗೆ ಮುಟ್ಟಿಸುತ್ತಾನೆ. ನಲವತ್ತೊಂದು ಅವನ ಡಬ್ಬಿ. ನಲವತ್ತೆರಡು ಅವಳದು. ಕಾಲರಣ್ಣ ತಾತನನ್ನು ಪಕ್ಕಕ್ಕೆ ಕರೆದು ಹೇಳಿದ್ದ: "ತಾತ, ನಲವತ್ತೊಂದನ್ನ ಅವಳಿಗೆ ಕೊಡು, ನಂಗೆ ನಲವತ್ತೆರಡು ತಾ. ಅವಳು ಏನೇ ಹೇಳ್ಲಿ, ನಲವತ್ತೊಂದು ಮಾತ್ರ ನನ್ನ ಹತ್ರ ವಾಪಸ್ ಬರಬಾರ್ದು. ನನ್ನಾಣೆ."

ತಾತ ತಲೆಯಾಡಿಸಿದ್ದ. ಅಲ್ಲಿಂದ ದಿನಾ ಕಾಲರಣ್ಣ ಬಿಳೀ ಅನ್ನ ಉಂಡ. ಸಂಜೆ ಎರಡೂ ಡಬ್ಬಿ ಖಾಲಿಯಾಗಿ ಮನೆಗೆ ಬಂದಾಗ ಅವಳು ಕೇಳುತ್ತಿದ್ದಳು, "ರೀ, ಸೊಪ್ಪು ಹೇಗಿತ್ತು?" ಇವನು ಕಣ್ಣು ಮುಚ್ಚಿ, "ಅಮೃತ ಕಣೇ!" ಅನ್ನುತ್ತಿದ್ದ. ಅವಳು ಅದೇನೋ ಗುಟ್ಟಿಟ್ಟುಕೊಂಡವಳ ಹಾಗೆ ನಗುತ್ತಿದ್ದಳು. ಸೊಪ್ಪು ತಿಂದವಳು ನೀನು, ನಗು ನಗು, ಎಂದು ಇವನೂ ಒಳಗೊಳಗೇ ನಗುತ್ತಿದ್ದ.

ಸೀಟಿ ಮೇಡಂ ಅತ್ತ ಹೋದದ್ದೇ ತಡ, ಎರಡೂ ಕಡೆಯಿಂದ ವೈದ್ಯ ಶುರುವಾಯಿತು.

"ಹೆಬ್ಬೆರಳು ಹಿಡಿದು ಹಿಂದಕ್ಕೆ ಎಳಿ ಅಣ್ಣ" ಎಂದಳು ಜೇಬಕ್ಕ, ಜೇಬಿನಿಂದ ಕಣ್ಣು ಎತ್ತದೆ.

"ಎಳೆಯೋದಲ್ಲ, ಕಿವಿ ಹಿಂಡ್ಕೋಬೇಕು" ಎಂದ ತೋಳಣ್ಣ. "ಎಡಗಾಲಿಗೆ ಬಲಗಿವಿ. ನಮ್ಮ ಭಾವ ಹಂಗೇ ವಾಸಿ ಮಾಡ್ಕೊಂಡ."

"ನಿಮ್ಮ ಭಾವನಿಗೆ ಕಿವಿ ಎಷ್ಟುದ್ದ ಆಗಿದೆ ಈಗ?"

"ತಮಾಷೆ ಬೇಡ ಜೇಬಕ್ಕ. ಉಪ್ಪಿನಕಾಯಿ ರಸ ಕುಡಿದ್ರೂ ಹೋಗತ್ತಂತೆ."

"ಕಾಲು ಹೋಗತ್ತೋ ನೋವು ಹೋಗತ್ತೋ ಸರಿಯಾಗಿ ಕೇಳ್ಕೊಂಡು ಬಾ."

ಕಾಲರಣ್ಣ ಹೆಬ್ಬೆರಳೂ ಎಳೆದ, ಕಿವಿಯೂ ಹಿಂಡಿಕೊಂಡ. ಒಂದು ಕೈ ಕಾಲಿನಲ್ಲಿ, ಒಂದು ಕೈ ಕಿವಿಯಲ್ಲಿ ಇಟ್ಟುಕೊಂಡ ಅವನು, ಮಗ್ಗಿ ಒಪ್ಪಿಸಲಾಗದೆ ಶಿಕ್ಷೆ ಅನುಭವಿಸುವ ಶಾಲೆಯ ಮಗುವಿನಂತೆ ಕಂಡ. ಕಾಲರು ಹೊಲಿಯಲು ಮಾತ್ರ ಮೂರನೇ ಕೈ ಇರಲಿಲ್ಲ. ಹನ್ನೊಂದೂವರೆಗೆ ಮತ್ತೆ ಹಿಡಿಯಿತು. ಮೇಜನ್ನು ತಬ್ಬಿಕೊಂಡು ಹೇಗೋ ಕೂತೇ ತಡೆದ. ಮತ್ತೊಂದು ಸಲ ಬಂದರೆ ತಡೆಯುವ ಧೈರ್ಯ ಇರಲಿಲ್ಲ. ಕಾಲು ತಾನಾಗಿ ನಿಲ್ಲುವುದಾದರೆ ಅದನ್ನು ನಿಲ್ಲಲು ಬಿಡಬಾರದು. ಕಾಲರಿನ ಒಳಗೆ ಇಡುವ ಗಟ್ಟಿ ಬಟ್ಟೆಯ ಪಟ್ಟಿಯೊಂದನ್ನು ಎತ್ತಿಕೊಂಡು, ಯಾರಿಗೂ ಕಾಣದಂತೆ ಬಗ್ಗಿ, ಎಡಗಾಲನ್ನು ಸ್ಟೂಲಿನ ಕಾಲಿಗೆ ಬಿಗಿದು ಮೂರು ಗಂಟು ಹಾಕಿದ. ಹದಿನೆಂಟು ವರ್ಷ ಆ ಸ್ಟೂಲು ಅವನನ್ನು ಕಟ್ಟಿಹಾಕಿತ್ತು. ಇವತ್ತು ಹಗ್ಗ ಕಣ್ಣಿಗೆ ಕಾಣುವಂತಾಯಿತು, ಅಷ್ಟೇ.

ಊಟಕ್ಕೆ ಐದು ನಿಮಿಷವಿದೆ ಅನ್ನುವಾಗ ಮ್ಯಾನೇಜರ್ ಸಾಹೇಬರು ಬಂದರು. ಮಷಿನ್ನುಗಳು ನಿಂತವು. ಸಾಹೇಬರು ಗೋಡೆಯ ಮೇಲಿದ್ದ ಹೊಸ ಚಿತ್ರಪಟದ ಮುಂದೆ ನಿಂತರು. ಅದರಲ್ಲಿ ಸೊಪ್ಪಿನ ಕಂತೆಯೊಂದಕ್ಕೆ ಕಣ್ಣು ಬಾಯಿ ಬರೆದಿದ್ದರು. ಅದು ನಗುತ್ತಾ ಹೇಳುತ್ತಿತ್ತು: ಒಳ್ಳೆಯದನ್ನು ತಿನ್ನಿ, ನಿಧಾನವಾಗಿ ಅಗಿದು ತಿನ್ನಿ.

"ನಿಮ್ಮ ಆರೋಗ್ಯ ನಮಗೆ ಮುಖ್ಯ" ಎಂದರು ಸಾಹೇಬರು. "ಆದ್ರೆ ಆರ್ಡರೂ ಮುಖ್ಯ. ನಾಳೆಯಿಂದ ಊಟಕ್ಕೆ ಅರ್ಧ ಗಂಟೆ ಬದಲು ಇಪ್ಪತ್ತು ನಿಮಿಷ."

ತಾರಸಿ ಹತ್ತಿ ಇಳಿಯುವುದಕ್ಕೇ ಆರು ನಿಮಿಷ ಬೇಕು. ಬಿಲ್ಲೆಗೆ ಕಾಯಲು ಎಂಟು. ಉಳಿದ ಆರರಲ್ಲಿ ಅಗಿಯಬೇಕೋ ನುಂಗಬೇಕೋ? ಜೇಬಕ್ಕ ತನ್ನಷ್ಟಕ್ಕೆ, "ಆ ಸೊಪ್ಪು ಯಾಕೆ ನಗ್ತಿದೆ ಅಂತ ಈಗ ಗೊತ್ತಾಯ್ತು" ಎಂದು ಗೊಣಗಿದಳು.

"ನಾನೇನೂ ಬಲವಂತ ಮಾಡೋನಲ್ಲ" ಸಾಹೇಬರು ಮುಂದುವರಿಸಿದರು. ಈ ಮಾತನ್ನು ಅವರು ಪ್ರತಿ ಬಲವಂತಕ್ಕೂ ಮುಂಚೆ ಹೇಳುತ್ತಿದ್ದರು. "ಯಾರಿಗಾದ್ರೂ ಒಪ್ಪಿಗೆ ಇಲ್ಲ ಅಂದ್ರೆ ಈಗ್ಲೇ ಎದ್ದು ನಿಲ್ಲಿ. ನೋಡೋಣ."

ಯಾರೂ ನಿಲ್ಲುವುದಿಲ್ಲವೆಂದು ಅವರಿಗೆ ಗೊತ್ತಿತ್ತು. ಶೆಡ್ಡಿಗೂ ಗೊತ್ತಿತ್ತು. ಗೊತ್ತಿಲ್ಲದಿದ್ದದ್ದು ಕಾಲರಣ್ಣನ ಎಡಗಾಲಿಗೆ ಮಾತ್ರ.

ಅದು ಹಿಡಿದುಕೊಂಡ ರೀತಿಗೆ ಅವನ ಕಣ್ಣ ಮುಂದೆ ನಕ್ಷತ್ರ ಕಂಡವು. ಬಾಣಲೆಯಿಂದ ಸಿಡಿದ ಸಾಸಿವೆಯಂತೆ ಎದ್ದ. ಜೊತೆಗೆ ಸ್ಟೂಲೂ ಎದ್ದಿತು. ಕಾಲು ಒಮ್ಮೆ ಝಾಡಿಸಿದ್ದಕ್ಕೆ ಗಂಟು ಬಿಚ್ಚಿ, ಸ್ಟೂಲು ಗಾಳಿಯಲ್ಲಿ ಒಂದು ಸುತ್ತು ಹಾಕಿ, ಸಾಹೇಬರ ಬೂಟಿಗೆ ಎರಡಡಿ ದೂರದಲ್ಲಿ ಢಮಾರೆಂದು ಬಿತ್ತು.

"ಅಬ್ಬಾ! ಸ್ಟೂಲನ್ನೇ ಒದ್ದ!" ಎಂದ ತೋಳಣ್ಣ.

ಸಾಹೇಬರ ಮುಖ ಕೆಂಪಾಯಿತು. "ಏನಯ್ಯಾ? ಒಪ್ಪಿಗೆ ಇಲ್ವಾ ನಿಂಗೆ?"

ಇಲ್ಲ ಸಾರ್, ಕಾಲು ಸಾರ್, ನನಗೆ ಹತ್ತು ನಿಮಿಷ ಕೊಟ್ಟರೂ ಸಾಕು ಸಾರ್. ಇಷ್ಟೂ ಮಾತು ಕಾಲರಣ್ಣನ ಗಂಟಲವರೆಗೆ ಬಂದಿದ್ದವು. ನೋವಿಗೆ ಬಾಯಿಂದ ಹೊರಟದ್ದು "ಆಆ... ಇಇ..." ಅಷ್ಟೇ. ಸೀಟಿ ಮೇಡಂ ಸೀಟಿಯನ್ನು ಬಾಯಿಗಿಟ್ಟುಕೊಂಡಾಗಿತ್ತು. ಅವನು ಕೈ ಮುಗಿಯಲು ಹೊರಟ.

ಆಗ ಶೆಡ್ಡಿನ ಕೊನೆಯಲ್ಲಿ ಇನ್ನೊಬ್ಬರು ಎದ್ದು ನಿಂತರು.

ಅವನ ಹೆಂಡತಿ. ಹಲ್ಲು ಕಚ್ಚಿಕೊಂಡಿದ್ದಳು. ಕಣ್ಣಲ್ಲಿ ನೀರು ತುಂಬಿ ಬೆಂಕಿಯ ಹಾಗೆ ಹೊಳೆಯುತ್ತಿತ್ತು. ದಾರ ಕತ್ತರಿಸುವ ಕತ್ತರಿ ಮೇಲೆತ್ತಿದ ಕೈಯಲ್ಲೇ ಇತ್ತು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಅವಳನ್ನು ಹೀಗೆ ಅವನು ನೋಡಿರಲಿಲ್ಲ. ನನಗೋಸ್ಕರ! ನಾನೊಬ್ಬನೇ ಆಗಬಾರದೆಂದು ಕೆಲಸ ಕಳೆದುಕೊಳ್ಳಲೂ ಸಿದ್ಧಳಾಗಿ ನಿಂತಿದ್ದಾಳೆ! ಮುಗಿಯಲು ಎತ್ತಿದ ಕೈಗಳನ್ನು ಕಾಲರಣ್ಣ ಕೆಳಗಿಳಿಸಿದ. ಇನ್ನು ಕೂರುವುದು ಹೇಗೆ? ಕೂರಲು ಸ್ಟೂಲೂ ಇರಲಿಲ್ಲ ಅನ್ನಿ.

"ಅವರಿಬ್ಬರೇ ಯಾಕೆ ಸಾಯ್ಬೇಕು" ಎಂದು ಜೇಬಕ್ಕ ಎದ್ದಳು. ತೋಳಣ್ಣ ಎದ್ದ. ಆಮೇಲೆ ಸ್ಟೂಲುಗಳು ನೆಲಕ್ಕೆ ಉಜ್ಜುವ ಸದ್ದು ಸಾಲಿನಿಂದ ಸಾಲಿಗೆ ಗುಡುಗಿನಂತೆ ಉರುಳಿಕೊಂಡು ಹೋಯಿತು. ಇನ್ನೂರು ಜನ ನಿಂತರು. ಅಷ್ಟು ಜನ ಒಟ್ಟಿಗೆ ನಿಂತಾಗ ಶೆಡ್ಡಿನ ಮಾಡು ಎಷ್ಟು ತಗ್ಗಿನಲ್ಲಿದೆಯೆಂದು ಅವತ್ತೇ ಎಲ್ಲರಿಗೂ ಕಂಡದ್ದು.

ಸಾಹೇಬರು ಗಡಿಯಾರ ನೋಡಿದರು. ನಾಲ್ಕಕ್ಕೆ ಲಾರಿ. ದೂರದಲ್ಲಿ ಹೊಳೆಯುವ ಕತ್ತರಿಯನ್ನೂ ನೋಡಿದರು. "ಸರಿ ಸರಿ. ಅರ್ಧ ಗಂಟೆನೇ ಇರ್ಲಿ. ಕೂತ್ಕೊಳ್ಳಿ ಎಲ್ಲಾ!" ಹೊರಟವರು ತಿರುಗಿ ಕಾಲರಣ್ಣನಿಗೆ ಬೆರಳು ತೋರಿಸಿದರು. "ಇನ್ಮೇಲೆ ಯಾರೂ ಹೀಗೆ ಸ್ಟೂಲು ಎಸೆಯೋದು ಬೇಡ. ಎಲ್ಲರ ಪರವಾಗಿ ನೀನೇ ಬಂದು ಮಾತಾಡು. ದಿನಾ. ಊಟದ ಹೊತ್ತಲ್ಲಿ, ನನ್ನ ರೂಮಲ್ಲಿ. ಕೆಲಸದ ಹೊತ್ತಲ್ಲಿ ಬೇಡ."

"ಮುಖಂಡ! ನಮ್ಮ ಮುಖಂಡ!" ಎಂದು ತೋಳಣ್ಣ ಅವನನ್ನು ಎತ್ತಿಯೇಬಿಟ್ಟ. ಅವತ್ತಿನ ಅರ್ಧ ಗಂಟೆ ಪೂರ್ತಿ ಬೆನ್ನು ತಟ್ಟಿಸಿಕೊಳ್ಳುವುದರಲ್ಲೇ ಹೋಯಿತು. ನಲವತ್ತೆರಡನೇ ಡಬ್ಬಿಯ ಮುಚ್ಚಳ ತೆಗೆಯುವಷ್ಟರಲ್ಲಿ ಗಂಟೆ ಹೊಡೆಯಿತು. ಎಲ್ಲರಿಗೂ ಊಟದ ಹೊತ್ತು ಉಳಿಸಿಕೊಟ್ಟವನು ಹಸಿದ ಹೊಟ್ಟೆಯಲ್ಲೇ ಕಾಲರಿಗೆ ಮರಳಿದ.

ಸಂಜೆ ಗೇಟಿನ ಹತ್ತಿರ ಹೆಂಡತಿ ಸಿಕ್ಕಳು.

"ಇವಳೇ" ಎಂದ. "ನೀನು ಎದ್ದು ನಿಲ್ಲದೇ ಇದ್ದಿದ್ರೆ ನಾನು ಕೈ ಮುಗಿದು ಕೂತುಬಿಡ್ತಿದ್ದೆ ಕಣೇ. ನಿಜ ಹೇಳ್ಲಾ? ನಾನು ನಿಂತದ್ದು ಧೈರ್ಯದಿಂದಲ್ಲ. ಹಾಳು ಕಾಲು ಹಿಡ್ಕೊಂಡಿತ್ತು."

ಅವಳು ಗಕ್ಕನೆ ನಿಂತಳು. ತುಟಿ ಅದುರಿತು. ಅಳುತ್ತಾಳೇನೋ ಅಂದುಕೊಂಡರೆ, ಸೆರಗು ಬಾಯಿಗೆ ಒತ್ತಿಕೊಂಡು ನಗಲು ಶುರುಮಾಡಿದಳು. ನಗುತ್ತಾ ನಗುತ್ತಾ ಗೇಟಿನ ಕಂಬ ಹಿಡಿದುಕೊಂಡಳು.

"ರೀ... ನಂಗೂ ಅಷ್ಟೇ ರೀ! ನೀವು ನಿಂತದ್ದನ್ನ ನಾನು ಸರಿಯಾಗಿ ನೋಡೂ ಇಲ್ಲ. ಬಲಗಾಲು ಹಿಂಡಿಬಿಡ್ತು, ಪ್ರಾಣ ಹೋದಂಗಾಗಿ ಎದ್ದೆ!"

ಕಾಲರಣ್ಣನಿಗೆ ಸಿಟ್ಟೇ ಬಂತು. "ನಿಂಗೆ ಹ್ಯಾಗೆ ಬರತ್ತೆ? ಎರಡು ತಿಂಗಳಿಂದ ಸೊಪ್ಪು ಕಾಳು ತಿಂತಿದ್ದೀಯಲ್ಲ!"

"ನಾನೆಲ್ಲಿ ತಿಂದೆ? ನೀವು ಡಬ್ಬಿ ಬದಲಾಯಿಸೋದು ಮೊದಲನೇ ದಿನಾನೇ ನಂಗೆ ಗೊತ್ತಾಯ್ತು. 'ತಾತ, ಇದು ಅವರದು, ಕೆಳಗೆ ಕೊಟ್ಬಿಡಿ, ನಾನು ಮುಟ್ಟಲ್ಲ, ನನ್ನಾಣೆ' ಅಂತ ದಿನಾ ವಾಪಸ್ ಕಳಿಸ್ತೀನಿ. ನಾನು ಚಹಾ ಬನ್ನು ತಗೊಳ್ತೀನಿ. ಎರಡೆರಡು ಡಬ್ಬಿ ಊಟ ಮಾಡಿ ನಿಮ್ಗೆ ಇನ್ನೂ ಕಾಲು ಹಿಡ್ಕೊಳ್ಳತ್ತಾ?"

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಆಮೇಲೆ ನಿಧಾನವಾಗಿ ಇಬ್ಬರೂ ತಲೆ ಎತ್ತಿ ಮೆಟ್ಟಿಲಿನ ಕಡೆ ನೋಡಿದರು.

ತಾತ ತಾರಸಿಯ ಬಾಗಿಲಿಗೆ ಬೀಗ ಹಾಕಿ ಇಳಿದು ಬರುತ್ತಿದ್ದ. ಎರಡೆರಡು ಮೆಟ್ಟಿಲು ಒಟ್ಟಿಗೆ. ಶಿಳ್ಳೆ ಹಾಕುತ್ತಾ. ಎರಡು ತಿಂಗಳ ಹಿಂದೆ ಮೆಟ್ಟಿಲಿಗೊಂದು ನಿಟ್ಟುಸಿರು ಬಿಡುತ್ತಿದ್ದ ಮುದುಕನ ಕೆನ್ನೆ ಈಗ ಗೋಡೆಯ ಸೊಪ್ಪಿನಂತೆ ನಗುತ್ತಿತ್ತು.

ಇವರಿಬ್ಬರ ಮುಖ ನೋಡಿದ್ದೇ ಅವನ ಶಿಳ್ಳೆ ನಿಂತಿತು. ಕೊನೆಯ ಮೆಟ್ಟಿಲ ಮೇಲೆ ಕೂತುಬಿಟ್ಟ.

"ನಾನೇನು ಮಾಡ್ಲಪ್ಪಾ?" ಎಂದ. "ನೀನು 'ವಾಪಸ್ ತರಬೇಡ' ಅಂತ ಆಣೆ ಇಟ್ಟೆ. ಈ ತಾಯಿ 'ನಾನು ಮುಟ್ಟಲ್ಲ' ಅಂತ ಆಣೆ ಇಟ್ಟಳು. ಎರಡು ಆಣೆ ಮಧ್ಯೆ ಒಬ್ಬ ಮುದುಕ, ಕೈಯಲ್ಲಿ ತುಂಬಿದ ಡಬ್ಬಿ. ನಿಜ ಹೇಳೋಣ ಅಂದ್ರೆ ಇಬ್ಬರೂ 'ಇನ್ನೊಬ್ಬರಿಗೆ ಹೇಳ್ಬೇಡ' ಅಂದಿದ್ರಿ. ಚೆಲ್ಲೋಕೆ ಮನಸ್ಸು ಬರುತ್ತಾ? ಅಷ್ಟು ಅಕ್ಕರೆಯಿಂದ ಮಾಡಿದ ಅನ್ನ. ಮೆಟ್ಟಿಲ ಮೇಲೆ ಕೂತು ತಿಂದೆ." ತಾತ ತನ್ನ ಮೀನಖಂಡವನ್ನು ಮುಟ್ಟಿ ನೋಡಿಕೊಂಡ. "ಆ ನರ್ಸಮ್ಮ ಹೇಳಿದ್ದು ಸುಳ್ಳಲ್ಲಪ್ಪ. ನಿಮ್ಮಿಬ್ಬರ ಪ್ರೀತಿ ತಿಂದು ನನ್ನ ಕಾಲು ಸರಿಹೋಯ್ತು. ಮಲಗಿದ್ರೆ ಮಗು ಹಾಗೆ ನಿದ್ದೆ. ನಂಗೆ ಮನೇಲಿ ಮಾಡಿ ಹಾಕೋರು ಯಾರಿದ್ದಾರೆ ಹೇಳು?"

ಕಾಲರಣ್ಣ ಬೈಯಬೇಕೆಂದು ಬಾಯಿ ತೆರೆದ. ತಾತನ ಆ ಕೊನೆಯ ಮಾತು ಬಾಯಿಗೆ ಅಡ್ಡ ಬಂತು.

"ನಾಳೆಯಿಂದ ಆಣೆಗೀಣೆ ಏನೂ ಬೇಡ" ಎಂದಳು ಹೆಂಡತಿ, ಕಣ್ಣೊರೆಸಿಕೊಳ್ಳುತ್ತಾ. "ಇಬ್ಬರೂ ಇದೇ ಮೆಟ್ಟಿಲ ಮೇಲೆ ಕೂತು ಒಂದೇ ಡಬ್ಬೀಲಿ ಉಣ್ಣೋಣ. ತಾತನಿಗೂ ಒಂದು ಪಾಲು. ಹೇಗೂ ಅರ್ಧ ಗಂಟೆ ಉಳಿಸಿದ್ದೀವಲ್ಲ."

ಕಾಲರಣ್ಣನ ಮುಖ ಅರಳಿತು. ಅರಳಿದ್ದು ಹಾಗೇ ಬಾಡಿತು.

"ನಾಳೆಯಿಂದ ಊಟದ ಹೊತ್ತಲ್ಲಿ ನಾನು ಸಾಹೇಬರ ರೂಮಲ್ಲಿರ್ಬೇಕು ಕಣೇ. ದಿನಾ."

"ಹೌದಲ್ವಾ" ಎಂದಳು ಅವಳು.

ತಾತ ಮೆಲ್ಲಗೆ ಕೇಳಿದ: "ಹಾಗಾದ್ರೆ ನಲವತ್ತೊಂದು..."

ಗಂಡ ಹೆಂಡತಿ ಡಬ್ಬಿಗಳನ್ನು ತೂಗಾಡಿಸುತ್ತಾ ರಸ್ತೆಗಿಳಿದರು. ಹಿಂದೆ ಶೆಡ್ಡಿನ ಜನ ಗುಂಪು ಗುಂಪಾಗಿ ಬರುತ್ತಿದ್ದರು. ಹತ್ತು ಹೆಜ್ಜೆ ನಡೆದಿದ್ದರೋ ಇಲ್ಲವೋ, ಅವನ ಎಡಗಾಲು "ಚುಳ್" ಅಂದಿತು. ನಡುರಸ್ತೆಯಲ್ಲಿ ನಿಂತ. ಅವನ ಹೆಗಲು ಹಿಡಿಯಲು ಬಂದವಳ ಬಲಗಾಲೂ ಅದೇ ಗಳಿಗೆಯಲ್ಲಿ ಸೆಟೆಯಿತು. ಇಬ್ಬರೂ ಒಬ್ಬರನ್ನೊಬ್ಬರು ಗಟ್ಟಿಯಾಗಿ ಹಿಡಿದುಕೊಂಡು, ಹಲ್ಲು ಕಚ್ಚಿ, ನೆಟ್ಟಗೆ ನಿಂತರು.

ಹಿಂದೆ ಇನ್ನೂರು ಜೋಡಿ ಚಪ್ಪಲಿಗಳ ಸದ್ದು ಒಮ್ಮೆಲೇ ನಿಂತಿತು. ಜೇಬಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಅಲ್ಲಿಂದಲೇ ಕೂಗಿ ಕೇಳಿದಳು:

"ಹೇಳಣ್ಣ, ಈಗ ಯಾವುದಕ್ಕೆ?"